ಜುಲೈ ಎರಡು

ಪ್ರತಿ ಡಿಸೆಂಬರಿನಲ್ಲಿ ಮುಲ್ಕಿಯಿಂದ ಬರುತ್ತಿತ್ತು
ಸೊಫಿಯತ್ತೆ ಹೊಲಿಗೆ ನೂಲಿನಲ್ಲಿ ಕಟ್ಟಿದ ಪಾರ್ಸೆಲ್ಲು:
ದಿನಕ್ಕೊಂದು ವಾಕ್ಯದ ಕ್ಯಾಲೆಂಡರು,
ಸಂದಿಯಲ್ಲಿ ತುರುಕಿದ ನಾಲ್ಕು ಹಪ್ಪಳ.
ಈ ಸಲ ಬರಲಿಲ್ಲ. ಕಳಿಸುವವಳನ್ನೇ
ನವೆಂಬರಿನಲ್ಲಿ ಕಳಿಸಿಕೊಟ್ಟು ಬಂದಿದ್ದೆವು.

ಹಳೆಯ ವರ್ಷದ ಹಾಳೆ ಒಂದನ್ನೂ
ದೊರ್ಕ ಎಸೆದವಳಲ್ಲ.
ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದು
ಕರೆಂಟು ಬಿಲ್ಲಿನ ತಂತಿಗೆ ಚುಚ್ಚಿದ್ದಳು.
'ದೇವರ ಮಾತು ಹಳಸುತ್ತದಾ?' ಅಂದಳು.
ಸರಿ, ಅಲ್ಲಿಂದಲೇ ಶುರು.
ಆದರೆ ತಂತಿಯಲ್ಲಿ ಕೊನೆಗೆ ಚುಚ್ಚಿದ್ದೇ ಮೊದಲು ಸಿಗುವುದು:
ಜನವರಿ ಒಂದಕ್ಕೆ ಡಿಸೆಂಬರ್ ಮೂವತ್ತೊಂದು,
ಏಳಕ್ಕೆ ಕ್ರಿಸ್ಮಸ್ಸು.
ಹೀಗೇ ಹೋದರೆ ನಮ್ಮ ಮನೆಯಲ್ಲಿ
ಕಲ್ಲು ಮೊದಲು ಉರುಳಿ, ಸಮಾಧಿ ಖಾಲಿಯಾಗಿ,
ಎರಡು ದಿನ ಬಿಟ್ಟು ಶಿಲುಬೆ.
ಮಗ ನಕ್ಕ. ನಾನು ನಗಲಿಲ್ಲ.
ಮೂವತ್ತೊಂದು ವರ್ಷ ಲಿಫ್ಟು ನಡೆಸಿದವನಿಗೆ
ಕೆಳಗೆ ಹೋಗುವುದೂ ಒಂದು ದಾರಿ.

ಫೋರ್ಟಿನ ಹಳೆ ಕಟ್ಟಡ. ಮಡಚುವ ಜಾಲರಿ ಬಾಗಿಲು,
ಆರು ಮಾಳಿಗೆ, ತುಂಬ ವಕೀಲರು.
ಕನಸಿನ ಏಣಿಯಲ್ಲಿ ದೂತರು ಹತ್ತಿ ಇಳಿಯುತ್ತಿದ್ದರೆಂದು
ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ;
ಅವರಿಗೊಂದು ಸ್ಟೂಲು ಕೊಟ್ಟಿದ್ದರೋ ಇಲ್ಲವೋ.

ಆರು ತಿಂಗಳು ಹಿಂದಕ್ಕೆ ನಡೆದು ನಡೆದು
ಒಂದು ಬೆಳಿಗ್ಗೆ ಚೀಟಿಯೂ ದಿನವೂ ಎದುರುಬದುರು:
ಜುಲೈ ಎರಡರಂದು ಜುಲೈ ಎರಡು.
ಇವತ್ತಿನದು ನನಗೇ ಬರೆದದ್ದು ಅನ್ನಿಸಿ
ಓದದೆ ಜೇಬಿಗಿಟ್ಟೆ,
ಉಂಡೆಯನ್ನು ಕೊನೆಗೆ ಉಳಿಸಿಕೊಳ್ಳುವ ಹುಡುಗನ ಹಾಗೆ.

ಮಧ್ಯಾಹ್ನದ ಮಳೆಗೆ ಕಟ್ಟಡದ ಕರೆಂಟು ಹೋಯಿತು.
ಮೂರಕ್ಕೂ ನಾಲ್ಕಕ್ಕೂ ನಡುವೆ ನಾವಿಬ್ಬರೇ:
ನಾನು, ಒದ್ದೆ ಫೈಲು ಎದೆಗವಚಿದ ಒಬ್ಬ ಹೆಂಗಸು.
ಅವಳ ಉಸಿರು ಗೋಡೆಗೆ ಬಡಿಯುವುದು ಕೇಳುತ್ತಿತ್ತು.
'ಕಾಕಾ, ಏನಾದರೂ ಮಾತಾಡಿ' ಅಂದಳು ಮರಾಠಿಯಲ್ಲಿ.
ಜೇಬಿನಲ್ಲಿ ದೀಪ ಹೊತ್ತು ತಿರುಗುವ ಕಾಲ ಅದಲ್ಲ.
ಬಾಯಿಪಾಠದ ವಾಕ್ಯ ನೂರಿದ್ದವು, ಒಂದೂ ಬರಲಿಲ್ಲ.
ಬಂದದ್ದು, ಅಮ್ಮ ಗಂಜಿಯ ಮುಂದೆ ಹೇಳಿಸುತ್ತಿದ್ದದ್ದು:
ಕರ್ತನೇ, ಈ ಬಟ್ಟಲನ್ನು ಆಶೀರ್ವದಿಸು,
ಬಟ್ಟಲಿಲ್ಲದವರನ್ನು ಹುಡುಕಿ ತಾ.

ಕನ್ನಡದಲ್ಲೇ ಹೇಳಿದೆ. ಬಟ್ಟಲಿಲ್ಲ, ಗಂಜಿಯಿಲ್ಲ,
ಕತ್ತಲೆಯಲ್ಲಿ ಊಟದ ಪ್ರಾರ್ಥನೆ!
ನಾಚಿಕೆಯಾಯಿತು.
'ಪುನ್ಹಾ' ಅಂದಳು.
ಮತ್ತೆ ಹೇಳಿದೆ. ಏಳೆಂಟು ಸಲ ಆಗಿರಬೇಕು.
ಕೊನೆಕೊನೆಗೆ 'ಬಟ್ಟಲು' ಎಂಬ ಒಂದು ಮಾತನ್ನು
ಅವಳೂ ಜೊತೆಗೆ ಹೇಳುತ್ತಿದ್ದಳು.

ದೀಪ ಬಂತು. ನಾಲ್ಕನೆಯದರಲ್ಲಿ ಇಳಿದು
ಹಿಂದೆ ನೋಡದೆ ವಕೀಲರ ಬಾಗಿಲಿಗೆ ನಡೆದಳು.

ರಾತ್ರಿ ಡೊಂಬಿವಲಿಯಲ್ಲಿ ಅಂಗಿ ಬಿಚ್ಚುವಾಗ
ಚೀಟಿ ಕೈಗೆ ಹತ್ತಿತು, ಬೆವರಿಗೆ ಮೆತ್ತಗಾಗಿ.
ಮೇಲೆ ಕಂಡದ್ದು ಹಿಂಬದಿ, ದೊರ್ಕಳ ಅಕ್ಷರ:
ಹಾಲು ಅರ್ಧ ಲೀಟರು. ಬಾಕಿ ಹದಿನಾಲ್ಕು ರೂಪಾಯಿ.
ಕೊಟ್ಟೆವೋ ಬಿಟ್ಟೆವೋ ಅವಳಿಗೂ ನೆನಪಿಲ್ಲ.
ಮಗುಚದೆ ಹಾಗೇ ಹೊಸ ತಂತಿಗೆ ಚುಚ್ಚಿದೆ.
ನಾಳೆ ಜುಲೈ ಒಂದು.