ರೈಟ್ ಅನ್ನೋ ಮೊದಲು

ಕಲಬುರಗಿ–ಸೇಡಂ, ಮುಂಜಾನಿ ಆರೂವರಿ.
ಗುಳಿಗಿ ನುಂಗೀನಿ, ರೊಟ್ಟಿ ಬುತ್ತ್ಯಾಗೇ ಅದ.
ಮಳಖೇಡದಾಗ ಉಂಡರಾತು ಅಂತ
ಕೀಲಿ ತಿರುವಿದರ
ಹಿಂದ ರಶೀದಾಬಾಯಿ ಸೀಟಿ ಊದವಲ್ಲಳು.

ಹೋದ ಶ್ರಾವಣದಾಗೂ ಹಿಂಗೇ ಅಂದಿದ್ದೆ.
ಅಂಗಿ ತೊಯ್ದಿತ್ತು, ಮಳಿ ಇರಲಿಲ್ಲ.
ಕಾಗಿಣಾ ಸೇತುವಿ ಎರಡು ಕಂಡವು,
ಯಾವುದರ ಮ್ಯಾಲ ಹೋಗಲಿ ಅಂತ
ಆಕಿನ್ನೇ ಕೇಳಿದೆನಂತ.
ನನಗ ನೆನಪಿಲ್ಲ.
ಬಾಜೂಕ ಹಚ್ರಿ ಅಂದದ್ದು ಅಷ್ಟು ನೆನಪದ,
ಮತ್ತ ನಾಲಿಗಿ ಮ್ಯಾಲ
ಯಾರದೋ ಕೂಸಿನ ಗ್ಲೂಕೋಸ್ ಪುಡಿ.
ಪಾವ ತಾಸು ಗಡಿಯಾರ ನೋಡಕೋತ ನಿಂತಳು.
ನಲವತ್ತೆರಡು ಮಂದಿ, ಒಬ್ಬರೂ ಕೆಮ್ಮಲಿಲ್ಲ.

ಈಗ ಆಕಿ ಚೀಲದಾಗ
ನೋಟಿಗೊಂದು ಖಾನೆ, ಚಿಲ್ಲರಕ್ಕೊಂದು,
ಮೂರನೇದರಾಗ ನನ್ನ ಸಕ್ರಿ.
ನನ್ನ ಕಿಸೆದಾಗೂ ಒಂದು ಪುಡಿಕಿ,
ಆಕಿ ರಜಾ ಇದ್ದ ದಿನಕ್ಕ.

ಹೊತ್ತಾತು, ಬಿಡ್ರಿ ಗಾಡಿ, ಮಂದಿ ಒದರತಾರ.
ಡ್ರೈವರ್ ಉಣ್ಣಲಿ, ಅಂತಾಳ,
ಟಿಕೀಟು ಹರಕೋತ.

ಪುಂಡಿಪಲ್ಯ, ಎರಡು ರೊಟ್ಟಿ.
ಕನ್ನಡ್ಯಾಗ ನನ್ನ ದವಡಿ ನೋಡತಾಳ,
ಒಂದು ತುತ್ತು ಬಿಟ್ಟರೂ ಗೊತ್ತಾಗತದ.

ಬುತ್ತಿ ಮುಚ್ಚಿದ ಸಪ್ಪಳಾದ ಮ್ಯಾಲೇ
ರೈಟ್.