ಮೂರು ಸಲ ಒತ್ತಬೇಕು

ಬಾಳೇಗುಳಿ ಕ್ರಾಸಿನಲ್ಲಿ ನನ್ನದೊಂದು ಹಳೆಯ ಓಮ್ನಿ.
ಒಳಗೆ ಕಂಪ್ಯೂಟರು, ಪ್ರಿಂಟರು, ಊಟದ ಡಬ್ಬಿ.
ಹೊರಗೆ 'ಹೊಗೆ ತಪಾಸಣೆ' ಎಂದು ಬರೆಸಿದ ತಗಡು.
ಎರಡು ಮಳೆಗಾಲಕ್ಕೆ ತ ಹೋಯಿತು, ಣೆ ಹೋಯಿತು,
ಈಗ ಬರೇ 'ಹೊಗೆ ಪಾಸ'.
ಓದಿದವರು ನಗುತ್ತಾರೆ. ನಾನು ತಿದ್ದಿಸಿಲ್ಲ.

ಕೆಲಸ ಸುಲಭದ್ದು.
ಸೈಲೆನ್ಸರಿನ ಬಾಯಿಗೆ ಕೊಳವೆ ತುರುಕಿ
ಒತ್ತಿ ಎನ್ನುತ್ತೇನೆ. ಬಿಡಿ. ಒತ್ತಿ. ಬಿಡಿ.
ಮೂರು ಸಲ, ತಳ ಮುಟ್ಟುವವರೆಗೆ.
ಪರದೆಯ ಮೇಲೆ ಬಂದ ಅಂಕಿ
ಅರವತ್ತೈದರ ಒಳಗಿದ್ದರೆ ಗಾಡಿ ಸಾಚಾ.
ಹೊರಗಿದ್ದರೆ, ಕೊಳವೆಯನ್ನು ನಾಲ್ಕು ಬೆರಳು ಹಿಂದೆಳೆದರೆ
ಒಂಚೂರು ಗಾಳಿಯೂ ಸೇರಿಕೊಳ್ಳುತ್ತದೆ,
ಗಾಳಿಗೆ ಯಾರಪ್ಪನ ಲೈಸೆನ್ಸು.
ಅದಕ್ಕೆ ನೂರು ರೂಪಾಯಿ ಬೇರೆ.
ಮುಚ್ಚಿಟ್ಟು ಏನಾಗಬೇಕು, ಮಗಳ ಸೈಕಲ್ಲು
ಹಾಗೇ ಬಂದದ್ದು.

ಸಂಜೆ ಬೈತಕೋಲದಿಂದ ಮೀನಿನ ಪಿಕಪ್ಪುಗಳು ಬರುತ್ತವೆ.
ರೋಹಿದಾಸ ತಾಂಡೇಲನದು ಕಾಣುವ ಮೊದಲು ಕೇಳುತ್ತದೆ,
ಹೋದಮೇಲೂ ನಾರುತ್ತದೆ,
ಬಂಗಡೆ, ಐಸ್ ನೀರು, ಸುಟ್ಟ ಡೀಸೆಲ್ಲು.
ಪಂಪು ಬಿಚ್ಚಿಸಿ ಇನ್ನಷ್ಟು ಕುಡಿಯಲು ಕಲಿಸಿದ್ದಾನೆ ಅದಕ್ಕೆ.
ಬೆನ್ನಿಗೆ ಹಳದಿ ಅಕ್ಷರ:
ಹೊಟ್ಟೆಕಿಚ್ಚಿಗೆ ಹೊಗೆಯೇ ಮದ್ದು.

ಅವನಜ್ಜ ದೋಣಿಯ ಹಿಂತುದಿಯಲ್ಲಿ ಕೂತು
ನೀರಿನ ಬಣ್ಣ ನೋಡಿ ಮೀನು ಹೇಳುತ್ತಿದ್ದನಂತೆ.
ಇವನಿಗೆ ಬಂದದ್ದು ದುಂಡನೆಯ ಚುಕ್ಕಾಣಿ,
ಮುಂದಿನ ಗಾಡಿಯ ಬಾಲ,
ಅರಬೈಲ್ ಘಟ್ಟದಾಚೆ ಕಾಯುವ ಹುಬ್ಬಳ್ಳಿಯ ಹರಾಜು.

ಬಸ್ಸಿನ ಬೆನ್ನಿಗೆ ಲೈಟು ಹೊಡೆಯುತ್ತಾನೆ. ಎಡದಿಂದ ನುಗ್ಗುತ್ತಾನೆ.
ಸ್ಕೂಟಿ ಕಂಡರೆ ಪಕ್ಕಕ್ಕೆ ಬಂದು
ಒಂದು ಗಳಿಗೆ ಜೊತೆಜೊತೆಗೆ ಓಡಿ
ಆಮೇಲೆ ಒತ್ತುತ್ತಾನೆ.
ಹಿಂದುಳಿದವರಿಗೆ ರಸ್ತೆಯಿಲ್ಲ, ತಮ್ಮ ಕೈಯೇ ಕಾಣುವುದಿಲ್ಲ,
ಕರಿ ಕಂಬಳಿಯೊಳಗೆ ಬ್ರೇಕು ತಡಕುತ್ತಾರೆ.
ಹಟ್ಟಿಕೇರಿ ಸೇತುವೆಯ ಮೇಲೆ ನನಗೂ ಹಾಗೆ ಮಾಡಿದ್ದ.
ಹೆಲ್ಮೆಟ್ಟಿನೊಳಗೆ ಇದ್ದದ್ದು ನಾನೆಂದು ಅವನಿಗೆ ತಿಳಿಯದು.
ಅವನ ಕನ್ನಡಿಯಲ್ಲಿ ನನಗೆ ಹಲ್ಲು ಕಂಡಿತ್ತು.

ಮೊನ್ನೆ ಬುದವಂತಿಯ ಸರದಿ.
ರಸ್ತೆಯಂಚಿಗೆ ಹರಿವೆ ಸೊಪ್ಪು ಹರಡಿ ಕೂತಿದ್ದಳು.
ಹೊಗೆ ಇಳಿದಮೇಲೆ ಸೆರಗಿನಲ್ಲಿ ಎಲೆ ಎಲೆ ಒರೆಸುತ್ತ,
"ನನ್ನ ಮಣಿಸರಕ್ಕೆ ಮಸಿ ಹಿಡಿದ್ರೆ ಯಾರಿಗೂ ಗೊತ್ತಾಗೂದಿಲ್ಲ,
ಸೊಪ್ಪಿಗೆ ಗೊತ್ತಾಗ್ತದಲ್ಲೇ" ಎಂದಳು.
ಬೈಯಲಿಲ್ಲ. ಅದೇ ನನಗೆ ಸಿಟ್ಟು.

ಗುರುವಾರ ಅವನೇ ಬಂದ. ಪೊಲೀಸರು ಹಿಡಿದಿದ್ದರಂತೆ.
"ಅಕ್ಕೋರೆ, ಲಗೂನೆ ಮಾಡಿ. ಐಸು ಕರಗ್ತದೆ."
ಇನ್ನೂರರ ನೋಟು ಮಡಚಿ ಕೀಬೋರ್ಡಿನ ಮೇಲಿಟ್ಟ.
ಏನನ್ನಿಸಿತೋ, ಕೊಳವೆ ಅವನ ಕೈಗೇ ಕೊಟ್ಟೆ.
"ನೀನು ಹಿಡಿ. ಕುಕ್ಕರಗಾಲಲ್ಲಿ ಕೂತು, ಹತ್ತಿರ.
ನಾನು ಒತ್ತುತ್ತೇನೆ."

ಹತ್ತಿದೆ. ಎಷ್ಟು ಎತ್ತರದ ಸೀಟು.
ಕನ್ನಡಿಗೆ ಮಗುವಿನ ಒಂಟಿ ಚಪ್ಪಲಿ ತೂಗುತ್ತಿತ್ತು.
ಕೆಳಗೆ ಸ್ಕೂಟರುಗಳು, ತಲೆಗಳು, ಬುದವಂತಿಯ ಬುಟ್ಟಿ,
ಎಲ್ಲವೂ ನನಗಿಂತ ಸಣ್ಣವು.

ಮೊದಲನೆಯದು ಹರಿವೆ ಸೊಪ್ಪಿಗೆ ಎಂದುಕೊಂಡು ಒತ್ತಿದೆ.
ಎರಡನೆಯದಕ್ಕೆ ಕಾರಣ ನೆನಪಾಗಲಿಲ್ಲ.
ಅಂಗಾಲಿನಲ್ಲಿ ಹುಟ್ಟಿದ ಗುಡುಗು
ಮಂಡಿ ಹತ್ತಿ, ಸೊಂಟ ಹತ್ತಿ, ಹಲ್ಲಿಗೆ ಬಂತು.
ಹನ್ನೊಂದು ವರ್ಷ ಊರಿಗೆಲ್ಲ ಒತ್ತಿ ಎಂದವಳು
ಒತ್ತಿದ್ದು ಇದೇ ಮೊದಲು.
ಗಾಡಿ ನ್ಯೂಟ್ರಲ್ಲಿನಲ್ಲಿ, ಒಂದಿಂಚೂ ಕದಲದೆ
ಎಲ್ಲರನ್ನೂ ಹಿಂದೆ ಹಾಕಿದ ಹಾಗೆ.
ಕನ್ನಡಿಯಲ್ಲಿ ರೋಹಿದಾಸ ಇರಲಿಲ್ಲ.
ಕಪ್ಪಿನೊಳಗಿಂದ ಕೆಮ್ಮು ಮಾತ್ರ.

ಮೂರಾಯಿತು.
ಇನ್ನೊಂದು ಒತ್ತಿದೆ.

ಇಳಿದು ಬಂದಾಗ ಅವನ ಮುಖದಲ್ಲಿ ಎರಡು ಕಣ್ಣು.
ಪರದೆಯಲ್ಲಿ ತೊಂಬತ್ತನಾಲ್ಕು. ನೋಟು ಇಟ್ಟಲ್ಲೇ ಇತ್ತು.
ಹಿಂದಿನ ಬಾಗಿಲ ಸಂದಿಯಿಂದ ಐಸ್ ನೀರು
ತೊಟ್ಟಿಕ್ಕುತ್ತಿತ್ತು ರಸ್ತೆಗೆ.

ಎಷ್ಟು ಬಂತು ಎಂದು ಕೇಳಿದ.
ನಾಲ್ಕನೆಯದು ಯಾಕೆ ಎಂದು ಕೇಳಲಿಲ್ಲ.
ಅದು ಅವನಿಗೆ ಗೊತ್ತಿತ್ತು.