ಹಳತು ಮಾಡುವ ಕೆಲಸ

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಲ್ಲಿ ನನ್ನ ಶೆಡ್ಡು.
ಮೂವತ್ತೊಂದು ವರ್ಷ ಒಂದೇ ಕೆಲಸ:
ತುಕ್ಕು ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ ಉಜ್ಜಿ
ತೀರ್ಥಹಳ್ಳಿ ಬಸ್ಸಿಗೆ ತೀರ್ಥಹಳ್ಳಿ ರಸ್ತೆಯನ್ನು ಮರೆಸುವುದು.

ದುರ್ಗಿಗುಡಿಯ ಹಲ್ಲಿನ ಡಾಕ್ಟರು ಪ್ರಫುಲ್ಲಾ
ಸೀರೆ ಡಬ್ಬಿ ಹಿಡಿದು ಬಂದರು.
ಒಳಗೆ ಹತ್ತಿಯ ಮೇಲೆ ಒಂದು ವಿಮಾನ,
ಅಸಲಿನ ನಲವತ್ತೆಂಟರಲ್ಲಿ ಒಂದು ಪಾಲು,
ರೆಕ್ಕೆಯಿಂದ ರೆಕ್ಕೆಗೆ ಒಂದು ಗೇಣು, ಮೇಲೆರಡು ಬೆರಳು.
ಹರಿಕೇನ್, ಅಂದರು. ಬರ್ಮಾ ಗಡಿಯ ಕಾಡಿನ ಮೇಲೆ
ಹಾರಿದ್ದಂತೆ, ದೊಡ್ಡ ಯುದ್ಧದಲ್ಲಿ.

ಹಸಿರು, ಕಂದು. ಎರಡೂ ಸೇರುವಲ್ಲಿ ಅಂಚು ಮಬ್ಬಾಗಿರಬೇಕು.
ಕಂಪ್ರೆಸರ್ ತಗ್ಗಿಸಿ, ಉಸಿರು ಬಿಗಿಹಿಡಿದು ಹೊಡೆದೆ.
ನೊಣ ಕೂತರೂ ಜಾರಬೇಕು, ಹಾಗಿತ್ತು.
ಬಹಳ ಹೊತ್ತು ತಿರುಗಿಸಿ ನೋಡಿದರು.
"ತುಂಬ ಚೆನ್ನಾಗಿದೆ ದಸ್ತಗೀರ್ ಸಾಬ್.
ಈಗ ಇದನ್ನ ಕೆಡಿಸಬೇಕು."

ಕೆಡಿಸೋದು ಗಿರಾಕಿಯ ಕೆಲಸ, ನನ್ನದಲ್ಲ.
ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ.
ಆಮೇಲೆ ಹಠ ಬಂತು. ತುಕ್ಕಿನ ವಿಷಯ ನನಗೇ ಹೇಳಿಕೊಡೋದೆ?
ರಾತ್ರಿ ಕೂತು ಕಿತ್ತಳೆ, ಕಾಫಿಪುಡಿ ಬಣ್ಣ ಕಲಸಿ
ರೆಕ್ಕೆ ತುಂಬ ತುಕ್ಕು ಹತ್ತಿಸಿದೆ,
ನಾಲ್ಕು ಮಳೆಗಾಲ ಡಿಪೋ ಹಿಂದೆ ನಿಂತ ಬಸ್ಸಿನ ಹಾಗೆ.

ಡಾಕ್ಟರು ನಕ್ಕರು. "ಇದು ಅಲ್ಯೂಮಿನಿಯಂ, ತುಕ್ಕು ಹಿಡಿಯಲ್ಲ.
ಬಾಲದ ಕಡೆಯಂತೂ ಬರೀ ಬಟ್ಟೆ."
ಬಟ್ಟೆ?
"ಬಟ್ಟೆ. ಮರದ ರಿಪೀಸಿನ ಮೇಲೆ ಬಿಗಿದು ಬಣ್ಣ ಬಳಿದದ್ದು.
ಗುಂಡು ತೂರಿದರೆ ತೇಪೆ ಹಾಕೋರು."
ಬಟ್ಟೆ ಸುತ್ತಿಕೊಂಡು ಆಕಾಶದಲ್ಲಿ ಜಗಳ.
ನಾನಂತೂ ಕೇಳಿರಲಿಲ್ಲ.

ಥಿನ್ನರ್ ತಾಗಿದರೆ ಪ್ಲಾಸ್ಟಿಕ್ಕೇ ಕರಗುತ್ತೆ,
ಸೀಮೆಎಣ್ಣೆಯ ಹತ್ತಿಯಲ್ಲಿ ಒರೆಸಿ ತೆಗೆದೆ.
ನನ್ನ ತುಕ್ಕಿಗೆ ಸಿಕ್ಕ ಜಾಗ ಇಷ್ಟೇ:
ಮೂಗಿನ ಆಚೆ ಮೂರು, ಈಚೆ ಮೂರು ಹೊಗೆಕೊಳವೆ.
ಅಲ್ಲಿಂದ ಹಿಂದಕ್ಕೆ ದೀಪದ ಮಸಿ,
ಗಾಳಿ ಹೋದ ಕಡೆಗೆ ಬೆರಳಲ್ಲಿ ಎಳೆದೆ.
ಹೊಟ್ಟೆಯಡಿಗೆ ಶೆಡ್ಡಿನ ಮುಂದಿನ ಕೆಮ್ಮಣ್ಣು,
ಬನೀನಿನಲ್ಲಿ ಸೋಸಿ, ಮತ್ತೆ ಸೋಸಿ.
ನಲವತ್ತೆಂಟರಲ್ಲೊಂದು ಪಾಲಿನ ಧೂಳು ಯಾವ ಅಂಗಡಿಯಲ್ಲಿ ಸಿಗುತ್ತೆ?
ಬುತ್ತಿ ತಂದ ಜಮೀಲಾ ನಿಂತು ನೋಡಿದಳು.
"ಮನೆ ಗೋಡೆಗೆ ಸುಣ್ಣ ಹೊಡೆಯೋಕೆ ಪುರುಸೊತ್ತಿಲ್ಲ,
ಇಲ್ಲಿ ಕೂತು ಮಣ್ಣು ಹಚ್ತಾರೆ."

ಕೊನೆಗೆ ಉಳಿದದ್ದು ಬೆಳ್ಳಿ ಬಣ್ಣ. ಬಣ್ಣ ಸವೆದು
ಲೋಹ ಕಾಣುವ ಜಾಗ. ಎಲ್ಲಿ ಸವೆಯುತ್ತೆ? ಕೇಳಿದೆ.
ಪುಸ್ತಕ ಬಿಚ್ಚಿದರು. ಫೋಟೋದಲ್ಲಿ ಪೈಲಟ್,
ಎಳೆ ಮೀಸೆ, ನಗು, ಬೆರಳ ನಡುವೆ ಸಿಗರೇಟು.
ಅಂಚಿನಲ್ಲಿ ಕತ್ತರಿಸಿಹೋದ ಒಂದು ಮೊಣಕೈ.
ಇದು ಯಾರದು?
"ಫಿಟ್ಟರ್ ಇರಬೇಕು. ಹೆಸರು ಹಾಕಿಲ್ಲ."

ಮೊಣಕೈಗೆ ಗ್ರೀಸು. ನನಗೆ ಸಾಕಾಯಿತು.
ಪೈಲಟ್ ದಿನಕ್ಕೆ ಎರಡು ಸಲ ಹತ್ತಿಳಿದಿರಬಹುದು.
ಇವನು ಪೆಟ್ರೋಲಿಗೆ ಹತ್ತಿದ, ಗಾಜೊರೆಸಲು ಹತ್ತಿದ,
ಸ್ಪ್ಯಾನರ್ ಬಿಟ್ಟು ಬಂದೆನೆಂದು ಮತ್ತೆ ಹತ್ತಿದ,
ಮಂಡಿಯೂರಿದ, ಯಾರೂ ನೋಡದಾಗ
ಎಣ್ಣೆ ಡಬ್ಬಿಯನ್ನು ರೆಕ್ಕೆಯ ಮೇಲೇ ಇಟ್ಟ.

ಸ್ಪಂಜಿನ ಚೂರು ಚಿವುಟಿ, ಬೆಳ್ಳಿಯಲ್ಲಿ ಅದ್ದಿ,
ಹೆಚ್ಚಿನದನ್ನು ಕಾಗದಕ್ಕೆ ಒರೆಸಿ
ಎಡ ರೆಕ್ಕೆಯ ಬುಡದಲ್ಲಿ ಒತ್ತಿದೆ.
ಒಂದು ಹೆಜ್ಜೆ. ಒಂದು ಮಂಡಿ.
ಪಕ್ಕದಲ್ಲಿ ಡಬ್ಬಿಯ ಗುರುತು, ಉಗುರಿನ ಅಂಚಿನಷ್ಟು ಬಾಗು.
"ಇದು ಯಾವ ಪುಸ್ತಕದಲ್ಲೂ ಇಲ್ಲ," ಅಂದರು ಡಾಕ್ಟರು.
ಇರಲ್ಲ, ಅಂದೆ.

ಈಗದು ಕ್ಲಿನಿಕ್ಕಿನ ಗಾಜಿನೊಳಗಿದೆ,
ಕೆನ್ನೆ ಹಿಡಿದು ಕೂತ ಮಕ್ಕಳ ಕಣ್ಣಿನ ಎತ್ತರಕ್ಕೆ.
ನನ್ನೆದುರು ಹೊಸನಗರದ ಬಸ್ಸು.
ಫುಟ್‌ಬೋರ್ಡಿನ ಪಕ್ಕ, ಕಂಡಕ್ಟರ್ ಕಾಲು ಕೊಟ್ಟು ನೇತಾಡುವಲ್ಲಿ
ಬಣ್ಣ ಸವೆದಿದೆ: ಮೇಲೆ ಕೆಂಪು, ಅದರಡಿ ಯಾರದೋ ನೀಲಿ,
ಅದರಡಿ ನಾನೇ ಹೊಡೆದ ಹಳದಿ,
ನಡುವೆ ತಗಡು, ಹಿಮ್ಮಡಿಯಷ್ಟಗಲ, ಮಿರಿಮಿರಿ.
ನಾಳೆ ಸಂಜೆಗೆ ಹೊಸದಾಗಬೇಕು ಅಂದಿದ್ದಾನೆ ಓನರು.
ಎಮರಿ ಕಾಗದ ಬಕೆಟ್ಟಿನಲ್ಲಿ ನೆನೆಯುತ್ತಿದೆ.
ನೆನೆಯಲಿ ಇನ್ನೂ ಸ್ವಲ್ಪ.